ಕೊನೆಯ ಗೀರು

ದೇವರಿಲ್ಲ ಎನ್ನುವುದನ್ನು ನಾನು ದುಷ್ಟರ ಸಹವಾಸದಿಂದ ಕಲಿಯಲಿಲ್ಲ. ನಾಗಮಂಗಲದ ನಮ್ಮ ಮನೆಯಲ್ಲಿ, ಎರಡು ಹೊತ್ತು ಗಂಟೆ ಬಾರಿಸುತ್ತಿದ್ದ ಅಪ್ಪನ ಎದುರಿಗೇ, ಅಪ್ಪನೇ ಹೇಳಿಕೊಟ್ಟ ವಿದ್ಯೆಯಿಂದ ಕಲಿತೆ. ಇದನ್ನು ಮೊದಲೇ ಬರೆದಿಡುವುದಕ್ಕೆ ಕಾರಣವಿದೆ. ನಾನೀಗ ಇರುವುದು ರಂಗನಾಥನ ಪಟ್ಟಣದ ಪೇಟೆಯಲ್ಲಿ. ಕೋಟೆ ಬಿದ್ದಾಗಿನಿಂದ ಇಲ್ಲಿ ಎಲ್ಲರಿಗೂ ಒಂದೊಂದು ಕಾರಣ ಬೇಕಾಗಿದೆ. ಒಬ್ಬರಿಗೆ ಗ್ರಹಗತಿ, ಒಬ್ಬರಿಗೆ ರಂಗನಾಥನ ಮುನಿಸು, ಮಸೀದಿಯ ಬೀದಿಯವರಿಗೆ ಅಲ್ಲಾನ ಇಚ್ಛೆ. ಗೋಡೆ ಒಡೆದದ್ದು ಗುಂಡು, ಗುಂಡು ಹಾರಿಸಿದ್ದು ಮನುಷ್ಯ ಎಂದರೆ ಯಾರಿಗೂ ಸಮಾಧಾನವಿಲ್ಲ. ಅಷ್ಟು ಜನ ಸುಮ್ಮಸುಮ್ಮನೆ ಸತ್ತರು ಎಂದುಕೊಳ್ಳುವುದಕ್ಕಿಂತ ಯಾರದೋ ಸಿಟ್ಟಿಗೆ ಸತ್ತರು ಎಂದುಕೊಂಡರೆ ನಿದ್ದೆ ಬರುತ್ತದಂತೆ. ಪಕ್ಕದ ಮನೆಯ ನಿಂಗಮ್ಮ ಶನಿವಾರ ಶನಿವಾರ ಕರಿಘಟ್ಟದ ಬೆಟ್ಟ ಹತ್ತಿ ಗುಡಿಗೆ ಹೋಗಿ ಬರುತ್ತಾಳೆ. ಮೊನ್ನೆ ಪ್ರಸಾದದ ಎಲೆ ಕೈಯಲ್ಲಿ ಹಿಡಿದು ನನ್ನ ಹೊಸಿಲಲ್ಲಿ ನಿಂತಳು.

"ಗಂಡ ಇಲ್ಲ, ಮಕ್ಳಿಲ್ಲ. ಮ್ಯಾಲೆ ಒಬ್ಬ ಅವ್ನೆ ಅನ್ನೋದೂ ಇಲ್ಲ ಅಂತೀಯೆ. ಈ ಮನೇಲಿ ಒಬ್ಳೇ ಅದೆಂಗಮ್ಮಿ ಉಸುರಾಡ್ತೀಯೆ?"

"ಮೂಗಿನಲ್ಲಿ," ಅಂದೆ.

ಎಲೆಯನ್ನು ಹಾಗೇ ಮಡಿಸಿಕೊಂಡು ಹೋದಳು. ಹೋಗಲಿ. ಆದರೆ ಅವಳ ಪ್ರಶ್ನೆ ಹೋಗಲಿಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರವಿದೆ, ಹೊಸಿಲಲ್ಲಿ ನಿಂತು ಹೇಳುವಷ್ಟು ಚಿಕ್ಕದಲ್ಲ, ಅಷ್ಟೆ. ಒಂದು ಮನೆಯಷ್ಟು ದೊಡ್ಡದು.

ನಮ್ಮದು ತಕ್ಕಡಿ ಮಾಡುವವರ ಮನೆ. ಸಂತೆಯಲ್ಲಿ ಮೆಣಸಿನಕಾಯಿ ತೂಗುವ ತಕ್ಕಡಿಯಲ್ಲ. ಅಕ್ಕಸಾಲಿಗರು ಚಿನ್ನ ತೂಗುವ, ಮಡಿಸಿದರೆ ಒಂದು ಮರದ ಡಬ್ಬಿಯಲ್ಲಿ ಅಡಗುವ ಹಿತ್ತಾಳೆ ತಕ್ಕಡಿ. ಹಿರೋಡೆಯಿಂದ, ಅತ್ತಿಕುಪ್ಪೆಯಿಂದ, ಪಟ್ಟಣದಿಂದ ಕೂಡ ಜನ ಬಂದು ಹೇಳಿ ಮಾಡಿಸಿಕೊಂಡು ಹೋಗುತ್ತಿದ್ದರು. ಮನೆಯ ಮುಂದೆ ಪಡಸಾಲೆ, ಹಿಂದೆ ಒಲೆ ಮತ್ತು ರಾಗಿಯ ಗುಡಾಣಗಳು, ನಡುವೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಪುಟ್ಟ ಕೋಣೆ. ಒಂದು ದೇವರದು, ಇನ್ನೊಂದು ತೂಕದ್ದು. ತೂಕದ ಕೋಣೆಗೆ ಕಿಟಕಿಯಿಲ್ಲ. ಹೆಂಚಿನ ಸಂದಿಯಿಂದ ಬೀಳುವ ಒಂದು ಅಂಗೈ ಬೆಳಕು ಬಿಟ್ಟರೆ ಹಗಲೂ ಮಬ್ಬು. ಗಾಳಿ ಆಡಿದರೆ ತಕ್ಕಡಿಯ ಮುಳ್ಳು ಸುಳ್ಳು ಹೇಳುತ್ತದೆ. ಅದಕ್ಕೇ ಅಪ್ಪ ಒಳಗೆ ಹೋಗುವ ಮುಂಚೆ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ, ಕದ ಹಾಕಿಕೊಳ್ಳುತ್ತಿದ್ದ. ಅವನು ಒಳಗಿರುವಷ್ಟು ಹೊತ್ತು ಮನೆಯಲ್ಲಿ ಯಾರೂ ಧೂಳು ಗುಡಿಸಬಾರದು, ಒನಕೆ ಎತ್ತಬಾರದು, ಓಡಬಾರದು. ಹುಟ್ಟಿದಾಗಿನಿಂದ ನಾನು ಮೆಲ್ಲಗೆ ನಡೆಯುವುದನ್ನು ಕಲಿತದ್ದು ಹೀಗೆ. ಹೆಣ್ಣುಮಗಳ ನಯ ಎಂದು ಬೀದಿಯವರು ಮೆಚ್ಚುತ್ತಿದ್ದರು.

ಅವ್ವ ನನಗೆ ನೆನಪಿಲ್ಲ. ಸಾಕಿದವಳು ಅಪ್ಪನ ಅಕ್ಕ, ನಂಜತ್ತೆ. ಹದಿನಾರಕ್ಕೆ ಗಂಡ ಸತ್ತು ತವರಿಗೆ ಬಂದವಳು. ಗಂಡ ಸತ್ತವಳು ಹಿತ್ತಾಳೆ ತೀಡುವ ಅರ ಮುಟ್ಟಬಾರದು, ಬೆಂಕಿಗೆ ಗಾಳಿ ಊದುವ ತಿದಿ ಮುಟ್ಟಬಾರದು, ಹೊಸ ತಕ್ಕಡಿಗೆ ಎದುರಾಗಬಾರದು ಎಂದು ನಮ್ಮ ಕುಲದ ಕಟ್ಟಳೆ. ಅವಳು ಮುಟ್ಟಬಹುದಾದದ್ದು ಒಲೆ, ಸಗಣಿ ಮತ್ತು ನಾನು. ನನಗಿಂತ ಆರು ವರ್ಷ ದೊಡ್ಡವನು ಅಣ್ಣ, ಈರಣ್ಣ. ಅಗಲವಾದ ಎದೆ, ಒಳ್ಳೆಯ ಕಂಠ, ತಲೆಯೊಳಗೆ ತುಂಬಾ ಜಾಗ. ಇಷ್ಟೇ ಜನ.

ಅಪ್ಪ ನನಗೆ ಕಲಿಸಿದ ಮೊದಲ ಪಾಠ ಅಕ್ಷರವಲ್ಲ, ಅನುಮಾನ. ಒಂದು ತಟ್ಟೆಯಲ್ಲಿ ಏಳು ಗುಲಗಂಜಿ, ಇನ್ನೊಂದರಲ್ಲಿ ಏಳು. ಮುಳ್ಳು ನೆಟ್ಟಗೆ ನಿಂತಿತು. ಸರಿಯಾಗಿದೆ ಎಂದು ನಾನು ಕೈ ತಟ್ಟಿದೆ. ಅಪ್ಪ ತಲೆಯ ಮೇಲೆ ಮೊಟಕಿದ.

"ಅಷ್ಟಕ್ಕೇ ಕುಣೀಬ್ಯಾಡ. ಆ ಕಡೆ ಕಾಳು ಈ ಕಡೀಕ್ ಹಾಕು, ಈ ಕಡೇವು ಆ ಕಡೀಕ್ ಹಾಕು. ಆಗ್ಲೂ ನಿಂತ್ರೆ ನಂಬು."

ಅದಲುಬದಲು ಮಾಡಿದೆ. ಮುಳ್ಳು ವಾಲಿತು. ದಂಡಿಯ ಒಂದು ತೋಳು ಸೊಟ್ಟ, ಕಾಳುಗಳಲ್ಲೂ ಭಾರ ಹೆಚ್ಚುಕಮ್ಮಿ. ಎರಡು ಸುಳ್ಳು ಸೇರಿ ಒಂದು ನಿಜದ ವೇಷ ಹಾಕಿದ್ದವು. ಐದು ವರ್ಷದ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಅಲ್ಲಿಂದ ಮುಂದೆ ಯಾರು ಏನು ಹೇಳಿದರೂ ನನ್ನ ತಲೆ ತಟ್ಟೆ ಬದಲಿಸಿ ನೋಡತೊಡಗಿತು. ನಮ್ಮ ದೇವರು ನಿಜ ಏಕೆಂದರೆ ನಮ್ಮ ಹಿರಿಯರು ಹೇಳಿದ್ದಾರೆ. ಒಳ್ಳೆಯದು. ಅವರ ದೇವರು? ಅವರಿಗೂ ಹಿರಿಯರಿದ್ದಾರಲ್ಲ. ಹೀಗೆ ಕೇಳಿದರೆ ಅದೇ ಅಪ್ಪ ಮೊಟಕುತ್ತಿರಲಿಲ್ಲ, ಹೊಡೆಯುತ್ತಿದ್ದ. ಹಿತ್ತಾಳೆಗೆ ಒಂದು ನ್ಯಾಯ, ದೇವರ ಕೋಣೆಗೆ ಇನ್ನೊಂದು. ನಡುವಿನ ಗೋಡೆ ಒಂದು ಗೇಣು ದಪ್ಪವಿತ್ತು.

ಆ ಗೋಡೆಯ ಆಚೆ ಈಚೆ ನಡೆಯುತ್ತಿದ್ದ ಒಂದು ಪದ್ಧತಿಯನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ತಕ್ಕಡಿಯ ದಂಡಿ ಯಾವ ಕಡೆಗೆ ಭಾರವೋ ಆ ಕಡೆಯ ತುದಿಯ ಕೆಳಗೆ ಸಣ್ಣ ಅರದಿಂದ ಒಂದೊಂದೇ ಗೀರು ತೀಡುತ್ತಾ ಬರಬೇಕು. ತೀಡಿ ತೀಡಿ, ಇನ್ನು ಒಂದು ಕೂದಲೆಳೆ ವಾಲಿದೆ ಎನ್ನುವಾಗ ನಮ್ಮಪ್ಪ ಅರ ಕೆಳಗಿಡುತ್ತಿದ್ದ. ಕೊನೆಯ ಗೀರು ಮನುಷ್ಯರದ್ದಲ್ಲ, ಅಮ್ಮನದು. ಅಮ್ಮ ಎಂದರೆ ನಮ್ಮ ಕುಲದ ಕಾಳಿಕಮ್ಮ. ತಕ್ಕಡಿಯನ್ನು ಸಂಜೆ ದೀಪದ ಹೊತ್ತಿಗೆ ದೇವರ ಕೋಣೆಯಲ್ಲಿ ತೂಗುಹಾಕಿ ಕದ ಮುಚ್ಚುತ್ತಿದ್ದರು. ಬೆಳಗ್ಗೆ ಎಲ್ಲರೂ ಕೆರೆಗೆ ಹೋಗಿ ಮಿಂದು ಬಂದು ಕದ ತೆಗೆದರೆ ಮುಳ್ಳು ನೆಟ್ಟಗೆ ನಿಂತಿರುತ್ತಿತ್ತು. ತಟ್ಟೆ ಬದಲಿಸಿದರೂ ನಿಲ್ಲುತ್ತಿತ್ತು. ಅಪ್ಪ ಅಡ್ಡಬೀಳುತ್ತಿದ್ದ. ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ಪ್ರತಿ ಸಲವೂ. ಅದು ನಟನೆಯಲ್ಲ, ನಟನೆಯಾಗಿದ್ದರೆ ನಾನು ಅವನನ್ನು ಇಷ್ಟು ವರ್ಷ ಮನಸ್ಸಿನಲ್ಲಿ ಬೈದುಕೊಂಡಿರುವ ಅಗತ್ಯವಿರಲಿಲ್ಲ.

ಈ ಕೊನೆಯ ಗೀರನ್ನೇ ಅಪ್ಪ ದೊಡ್ಡ ವ್ಯಾಜ್ಯಕ್ಕೆ ಬಂಡವಾಳ ಮಾಡಿಕೊಂಡ. ಅಣ್ಣನಿಗೆ ಅತ್ತಿಕುಪ್ಪೆಯ ಹೆಣ್ಣು ಗೊತ್ತಾಗಿತ್ತು. ಮದುವೆ ಮಾಡಿಸುವವರು ಯಾರು? ಅಗ್ರಹಾರದ ಭಟ್ಟರು, ನಾವೇ ಬರಬೇಕು, ನಿಮ್ಮವರು ಮಂತ್ರ ಹೇಳುವ ಹಾಗಿಲ್ಲ, ಜನಿವಾರ ಹಾಕುವ ಹಾಗೂ ಇಲ್ಲ ಎಂದರು. ಅಪ್ಪ, ಯಾರ ಕೆಲಸಕ್ಕೆ ಅಮ್ಮನೇ ಕೈ ಹಚ್ಚುತ್ತಾಳೋ ಆ ಕುಲಕ್ಕೆ ನಡುವೆ ಇನ್ನೊಬ್ಬ ಬೇಕಿಲ್ಲ ಎಂದ. ಊರ ಮಂಟಪದಲ್ಲಿ ಸಭೆ ಸೇರುವುದೆಂದು ನಿಶ್ಚಯವಾಯಿತು. ಅಣ್ಣ ಅಲ್ಲಿ ಮಾತಾಡಬೇಕು. ಅದಕ್ಕೆ ಎರಡು ವರ್ಷ ದಿನಾ ಸಂಜೆ ಪಡಸಾಲೆಯಲ್ಲಿ ಅವನಿಗೆ ವಾದದ ಸಾಧನೆ. ಎದುರಾಳಿಯಿಲ್ಲದೆ ಸಾಧನೆ ಹೇಗೆ? ಮನೆಯಲ್ಲಿ ಬಿಟ್ಟಿಯಾಗಿ ಇದ್ದವಳು ನಾನು. ಆಗ ನನಗೆ ಹನ್ನೊಂದು.

"ಚೆನ್ನೀ, ನೀನು ಭಟ್ರು ಕಣವ್ವ. ಅವನು ಏನಂದ್ರೂ ಅಲ್ಲ ಅನ್ನು. ಬುಡಬ್ಯಾಡ ಅವನ್ನ."

ನಾನು ಬಿಡಲಿಲ್ಲ. ಭಟ್ಟರಾದೆ, ಜೈನರಾದೆ, ಖಾಜಿಯಾದೆ, ಯಾವುದನ್ನೂ ನಂಬದ ಚಾರ್ವಾಕನಾದೆ. ಕೊನೆಯ ವೇಷ ಹಾಕಿದ ದಿನ ಅಣ್ಣ ಹತ್ತು ಮಾತಿಗೆ ಬೆವೆತು ಕೂತುಬಿಟ್ಟ. ಗೆದ್ದವರ ಮುದ್ದೆಗೆ ತುಪ್ಪ ಎಂದು ಅಪ್ಪನೇ ಮಾಡಿದ ನೇಮ. ಆದರೆ ಗೆದ್ದದ್ದು ಎದುರುಪಕ್ಷವಾದರೆ ಅದು ಲೆಕ್ಕಕ್ಕಿಲ್ಲ. ಅಣ್ಣನ ಉತ್ಸಾಹ ಕುಗ್ಗಬಾರದೆಂದು ತುಪ್ಪ ಅವನ ಮುದ್ದೆಗೇ ಬೀಳುತ್ತಿತ್ತು. ಎರಡು ವರ್ಷ ದಿನಾ ಗೆದ್ದು ದಿನಾ ಬರಿ ಮುದ್ದೆ ನುಂಗಿದವಳು ನಾನು. ಆ ಮನೆ ನನ್ನ ವಿಷಯದಲ್ಲಿ ಮಾಡಿದ ತಪ್ಪು ಇದೇ. ವೇಷ ಹಾಕು ಎಂದರು, ಬಿಚ್ಚುವುದನ್ನು ಹೇಳಿಕೊಡಲಿಲ್ಲ. ಅಲ್ಲ ಅಲ್ಲ ಎನ್ನುತ್ತಾ ಒಂದು ದಿನ ನೋಡಿಕೊಂಡರೆ, ಹೌದು ಎನ್ನುವುದಕ್ಕೆ ನನ್ನೊಳಗೆ ಏನೂ ಉಳಿದಿರಲಿಲ್ಲ.

ಒಂದು ಬೇಸಗೆ ಕಾಲಿಗೆ ಜಾಲಿಮುಳ್ಳು ಹೊಕ್ಕು ಕೀವಾಗಿ, ನಾನು ಬೆಳಗಿನ ಸ್ನಾನಕ್ಕೆ ಕೆರೆಗೆ ಹೋಗಲಿಲ್ಲ. ಅಪ್ಪ, ಅಣ್ಣ ಹೋದರು. ಒಲೆಯ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದವಳನ್ನು ನಂಜತ್ತೆ ಮರೆತೇಬಿಟ್ಟಿರಬೇಕು. ಅವಳು ರಾಗಿಯ ಗುಡಾಣಕ್ಕೆ ಮೊಳಕೈವರೆಗೆ ಕೈ ಇಳಿಸಿ ಏನನ್ನೋ ತೆಗೆದಳು. ಅಪ್ಪ ಮುರಿದುಹೋಯಿತೆಂದು ಎಸೆದಿದ್ದ ಅರದ ತುಂಡು. ದೇವರ ಕೋಣೆಯ ಕದ ತೆಗೆದಳು. ಸೆರಗನ್ನು ಮೂಗುಬಾಯಿಗೆ ಸುತ್ತಿಕೊಂಡಳು, ಥೇಟ್ ಅಪ್ಪನ ಹಾಗೆ. ತಕ್ಕಡಿ ಇಳಿಸಿ, ದಂಡಿಯನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಒಂದು ಗೀರು. ಒಂದೇ. ತೂಗುಹಾಕಿದಳು, ಕಾಳು ಹಾಕಿದಳು, ಅದಲುಬದಲು ಮಾಡಿದಳು, ಕಾದಳು. ಕಾಳಿಕಮ್ಮ ಹಿತ್ತಾಳೆಯ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ನಂಜತ್ತೆ ಆಕೆಯ ಕಡೆ ತಿರುಗಿಯೂ ನೋಡಲಿಲ್ಲ, ಕೈ ಮುಗಿಯಲೂ ಇಲ್ಲ. ಹೊರಗೆ ಬಂದಾಗ ನಾನು ಕಣ್ಣಿಗೆ ಬಿದ್ದೆ.

"ಅಮ್ಮ ಎಲ್ಲಿ ಅತ್ತೆ?" ಅಂದೆ.

"ಯಾವಮ್ಮ?"

"ಕೊನೇ ಗೀರು ಹಾಕೋ ಅಮ್ಮ."

ಅವಳು ಅರದ ತುಂಡನ್ನು ಮತ್ತೆ ರಾಗಿಯೊಳಗೆ ಹೂತಳು. ಆಮೇಲೆ ನನ್ನ ಕಾಲು ಎಳೆದುಕೊಂಡು ಅರಿಶಿನದ ಪಟ್ಟಿ ಬಿಚ್ಚತೊಡಗಿದಳು.

"ನಿಮ್ಮಜ್ಜ ಇದ್ದಾಗ್ಲೂ ಅಲ್ಲಿ ಯಾರೂ ಇರ್ಲಿಲ್ಲ ಕಣಮ್ಮಿ. ನಿಮ್ಮಜ್ಜಿ ಇದ್ಲು. ಅವಳು ಹೋದ್ಮೇಲೆ ಒಂದಿನ ನೋಡ್ತೀನಿ, ತಕ್ಕಡಿ ಸೊಟ್ಟಗೇ ನಿಂತದೆ. ನಿಮ್ಮಪ್ಪ ಇನ್ನೂ ಕೆರೇಲಿ ಅವ್ನೆ. ಏನ್ ಮಾಡಾನ ಹೇಳು?"

"ಸೊಟ್ಟಗೇ ಇರಲಿ ಅಂತ ಬಿಡಬೇಕಿತ್ತು. ದೇವರಿಲ್ಲ ಅಂತ ಅಪ್ಪನಿಗೆ ಅವತ್ತೇ ಗೊತ್ತಾಗೋದು."

"ತಕ್ಕಡಿ ಏನ್ ಪಾಪ ಮಾಡಿತ್ತು?"

"ಯಾರಿಗೂ ಗೊತ್ತಿಲ್ಲ. ಯಾರೂ ನೋಡಲ್ಲ. ಮೇಲೂ ಯಾರಿಲ್ಲ ಅಂತ ನೀನೇ ಅಂತೀಯ. ಮತ್ತೆ ಯಾಕೆ ಮಾಡ್ತೀಯತ್ತೆ?"

"ಸರಿ ಇರ್ಬೇಕಲ್ವೇನೆ!" ಎಂದು ಗದರಿ ಕೀವು ಹಿಂಡಿದಳು. ನಾನು ಕಿರುಚಿದೆ. ಅಲ್ಲಿಗೆ ಚರ್ಚೆ ಮುಗಿಯಿತು. ಎರಡು ವರ್ಷ ಖಾಜಿಯಿಂದ ಚಾರ್ವಾಕನವರೆಗೆ ಎಲ್ಲರ ಬಾಯಲ್ಲೂ ಮಾತಾಡಿದ ನನಗೆ ಆ ಒಂದು ಮಾತಿಗೆ ಎದುರು ಮಾತು ಸಿಗಲಿಲ್ಲ. ಸಿಗದ್ದಕ್ಕೆ ಅವಳ ಮೇಲೆ ಸಿಟ್ಟೂ ಬಂತು.

ಸಭೆಗೆ ಭಟ್ಟರು ಕೇಳಿದ ಪರೀಕ್ಷೆ ಸರಳವಾಗಿತ್ತು. ಒಂದು ಕೂದಲೆಳೆ ವಾಲಿದ ಹೊಸ ತಕ್ಕಡಿಯನ್ನು ಎಲ್ಲರಿಗೂ ತೋರಿಸಿ ಮಂಟಪದ ಕೋಣೆಯಲ್ಲಿಡಬೇಕು. ಕದಕ್ಕೆ ಎರಡೂ ಕಡೆಯವರ ಮುದ್ರೆ. ಮರುದಿನ ತೆಗೆದಾಗ ಮುಳ್ಳು ನಿಂತಿದ್ದರೆ ಅಣ್ಣನ ಮದುವೆಗೆ ನಮ್ಮ ಕುಲದವರೇ ಮಂತ್ರ ಹೇಳಬಹುದು. ಇಲ್ಲದಿದ್ದರೆ ಜನಿವಾರ ತೆಗೆದಿಟ್ಟು ಭಟ್ಟರನ್ನು ಕರೆಯಬೇಕು. ಅಪ್ಪ ಕುಣಿದಾಡುವಷ್ಟು ಸಂತೋಷದಿಂದ ಒಪ್ಪಿಕೊಂಡ. ಮುದ್ರೆ ಹಾಕಿದ ಕೋಣೆಗೆ ನಂಜತ್ತೆ ಹೋಗಲಾರಳು ಎಂದು ಗೊತ್ತಿದ್ದವರು ಇಬ್ಬರೇ. ಅವಳು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ, ಆದರೆ ನನ್ನ ಕಾರಣ ಬೇರೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ದೇವಿ ಸೋಲುವುದನ್ನು ನಾನು ನೋಡಬೇಕಿತ್ತು. ಅಪ್ಪ ಸೋಲುತ್ತಾನಲ್ಲ, ಅಣ್ಣನ ಮುಖ ಬಾಡುತ್ತದಲ್ಲ ಎಂದು ನನಗೆ ಅನ್ನಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿತು. ಆದರೂ ನೋಡಬೇಕಿತ್ತು. ತುಪ್ಪವಿಲ್ಲದ ಮುದ್ದೆಗಳು ಹೊಟ್ಟೆಯಲ್ಲಿ ಹಾಗೇ ಕೂತಿದ್ದವು.

ಸಭೆಯ ಹಿಂದಿನ ಸಂಜೆ, ಯಾವ ಹೊಸ ತಕ್ಕಡಿಯಾದರೂ ಒಂದು ರಾತ್ರಿ ಮನೆದೇವರ ಮುಂದೆ ಇರಬೇಕೆಂಬ ನೇಮದಂತೆ, ಅಪ್ಪ ಪರೀಕ್ಷೆಯ ತಕ್ಕಡಿಯನ್ನೂ ದೇವರ ಕೋಣೆಯಲ್ಲಿ ತೂಗುಹಾಕಿದ. ಕೈ ಮುಗಿದು ಕಾಳಿಕಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

"ಅವ್ವಾ, ಇವತ್ತು ಕೈ ಇಕ್ಬುಟ್ಟೀಯೆ ಮತ್ತೆ. ಇವತ್ತು ಸುಮ್ಕಿರು. ನಾಳೆ ಮಂಟಪದಲ್ಲಿ ಇಕ್ಕು."

ಕಾಳಿಕಮ್ಮ ಕೇಳಿಸಿಕೊಳ್ಳಲಿಲ್ಲ, ಕಿವಿ ಹಿತ್ತಾಳೆಯದು. ನಂಜತ್ತೆಯೂ ಕೇಳಿಸಿಕೊಳ್ಳಲಿಲ್ಲ, ಅವಳು ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದಳು. ಕೇಳಿಸಿಕೊಂಡವಳು ನಾನೊಬ್ಬಳೇ, ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ನಗು ಮುಗಿದ ಮೇಲೆ ಹೋಗಿ ಅತ್ತೆಗೆ ಒಂದು ಮಾತು ಹೇಳಬಹುದಿತ್ತು. ನಾಳೆಯ ವಿಷಯ ಅವಳಿಗೆ ಗೊತ್ತೇ ಇದೆಯಲ್ಲ ಎಂದುಕೊಂಡೆ. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಬೇಕೆಂದಿಲ್ಲ ಎನ್ನುವುದನ್ನು ಯಾವ ತರ್ಕವೂ ನನಗೆ ಹೇಳಿಕೊಟ್ಟಿರಲಿಲ್ಲ.

ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಟ್ಟಣದಿಂದ ಬಂದಿದ್ದ ಅಮಲ್ದಾರರು ನಡುವೆ ದಿಂಬಿಗೊರಗಿದ್ದರು. ಅವರಿಗೆ ನಮ್ಮ ಎರಡೂ ಕಡೆಯ ದೇವರೂ ಬೇಸರ ತರಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಕಂಬದ ಮರೆಯಲ್ಲಿ ಹೆಂಗಸರ ಗುಂಪಿನಲ್ಲಿ ನಾನು. ನಂಜತ್ತೆ ಶುಭಕಾರ್ಯಕ್ಕೆ ಬರಬಾರದೆಂದು ಮನೆಯಲ್ಲಿ. ಅಣ್ಣ ಪೀಠಿಕೆ ಹೇಳಿದ, ಚೆನ್ನಾಗಿಯೇ ಹೇಳಿದ. ಬೆಳಗ್ಗೆ ತೂಗಿ ನೋಡದೆ ಹಾಗೇ ಡಬ್ಬಿಯಲ್ಲಿಟ್ಟು ತಂದಿದ್ದ ತಕ್ಕಡಿಯನ್ನು ಅಪ್ಪ ಎತ್ತಿ ಹಿಡಿದು, ಕಾಳು ಹಾಕಿ, ಮುಳ್ಳು ಒಂದು ಕೂದಲೆಳೆ ಎಡಕ್ಕಿದೆ ನೋಡಿ ಸ್ವಾಮಿ ಎಂದ.

ಮುಳ್ಳು ನೆಟ್ಟಗೆ ನಿಂತಿತ್ತು.

ಅಪ್ಪ ಕಾಳು ಅದಲುಬದಲು ಮಾಡಿದ. ನಿಂತಿತ್ತು. ತಟ್ಟೆಗಳನ್ನೇ ಬಿಚ್ಚಿ ಬದಲಿಸಿದ. ಆಗಲೂ ನಿಂತಿತ್ತು. ನನಗೆ ಹೊಳೆಯಿತು. ನಾವು ಕೆರೆಯಲ್ಲಿ ಮೀಯುತ್ತಿದ್ದಾಗ ಅತ್ತೆಯ ಕೈ ಎಂದಿನಂತೆ ಗುಡಾಣಕ್ಕೆ ಇಳಿದಿದೆ. ಅಪ್ಪ ತಲೆ ಎತ್ತಿದಾಗ ಅವನ ಕಣ್ಣಲ್ಲಿ ಅದೇ ನೀರು.

"ಅಮ್ಮ ಆಗ್ಲೇ ಬಂದು ಹೋಗ್ಬುಟ್ಟವ್ಳೆ," ಅಂದ. "ಬ್ಯಾಡ ಅಂದ್ರೂ ಕೇಳ್ಲಿಲ್ಲ."

ಮಂಟಪವೆಲ್ಲ ನಕ್ಕಿತು. ಭಟ್ಟರು ನಗಲಿಲ್ಲ, ನಗುವ ಅಗತ್ಯವೇ ಇರಲಿಲ್ಲ. "ಆಚಾರ್ರೇ, ಮನೆಯಲ್ಲೇ ಪೂರಾ ತೀಡಿಕೊಂಡು ಬಂದು ದೇವಿ ಬಂದಿದ್ದಳು ಅಂತೀರಿ. ನಾಳೆ ಕದ ತೆಗೆದಾಗಲೂ ಮುಳ್ಳು ನಿಂತೇ ಇರುತ್ತದೆ. ದೇವಿಗೆ ಮಾಡೋದಕ್ಕೆ ಏನು ಉಳಿಸಿದ್ದೀರಿ?" ಎಂದರು. ಎರಡು ವರ್ಷದಲ್ಲಿ ನಾನು ಅಣ್ಣನ ಮೇಲೆ ಎಸೆದ ಎಷ್ಟೋ ಪ್ರಶ್ನೆಗಳಲ್ಲಿ ಇದು ಇರಲಿಲ್ಲ.

ಅಮಲ್ದಾರರು ಎದ್ದು ಕೂತರು. "ಸುನೋ ಆಚಾರಿ, ನಮ್ಗೆ ನಿಮ್ ದೇವೀದು ಮಾತು ಬ್ಯಾಡ. ದೀಪ ಮುಟ್ಟಿ ಕಸಮ್ ಹಾಕು. ನೀನು ಬಿಟ್ಟಿದ್ ಮ್ಯಾಲೆ ಇದಕ್ಕೆ ಮನುಷ್ಯರ್ದು ಕೈ ಬಿದ್ದಿಲ್ಲ ಅಂತ. ಸುಳ್ ಆದ್ರೆ ನಿನ್ ಅಂಗಡಿ ಬಂದ್."

ಅಪ್ಪ ಒಂದು ಗಳಿಗೆಯೂ ತಡೆಯಲಿಲ್ಲ. ಬಲಗೈ ಚಾಚಿ ದೀಪದ ಕಡೆಗೆ ನಡೆದ. ಹಾಗೆ ನಡೆಯುವವನ ಮುಖ ನಾನು ಆಮೇಲೆ ಎಲ್ಲೂ ನೋಡಿಲ್ಲ. ತಾನು ಹೇಳಲಿರುವುದು ಸುಳ್ಳೆಂದು ಅವನಿಗೆ ಗೊತ್ತಿಲ್ಲ. ಆ ಸುಳ್ಳಿನ ಮೇಲೆ ಅವನ ಇಡೀ ಜೀವ ನೆಟ್ಟಗೆ ನಿಂತಿದೆ. ದೀಪ ಅವನನ್ನು ಸುಡುತ್ತಿತ್ತೇ? ಇಲ್ಲ. ದೀಪಕ್ಕೆ ಏನು ಗೊತ್ತು. ಆಣೆ ಇಟ್ಟು ಗೆದ್ದೂಬಿಡುತ್ತಿದ್ದನೇನೋ. ಆದರೆ ಅದುವರೆಗೆ ಒಂದೂ ಸೊಟ್ಟ ತಕ್ಕಡಿ ಮಾಡದವನು, ಎಲ್ಲರೆದುರಿಗೆ, ನಾನು ಬಾಯಿ ಮುಚ್ಚಿಕೊಂಡದ್ದರಿಂದ, ಸೊಟ್ಟ ಮಾತಾಡಲು ಹೋಗುತ್ತಿದ್ದ. ನೋಡಬೇಕೆಂದಿದ್ದೆನಲ್ಲ, ನೋಡಲಾಗಲಿಲ್ಲ. ಕಂಬದ ಮರೆಯಿಂದ ಆಚೆ ಬಂದೆ.

"ಅಪ್ಪಾ, ಆಣೆ ಇಡಬೇಡ. ನಾನು ತೀಡ್ದೆ."

ಅತ್ತೆಯ ಹೆಸರು ಹೇಳಿದ್ದರೆ, ಅರ ಮುಟ್ಟಿದ ವಿಧವೆಯನ್ನು ಕುಲದವರು ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಆದ್ದರಿಂದ ನನ್ನ ಹೆಸರು ಹೇಳಿದೆ. ಅದುವರೆಗೆ ನಾನು ಕೈಯಲ್ಲಿ ಅರ ಹಿಡಿದವಳೇ ಅಲ್ಲ. ಯಾರೂ ಹೇಗೆ, ಯಾವಾಗ ಎಂದು ಕೇಳಲಿಲ್ಲ. ಹುಡುಗಿ ಕೆಡಿಸಿದಳು ಎಂದರೆ ಯಾವ ಸಭೆಯೂ ಸಾಕ್ಷಿ ಕೇಳುವುದಿಲ್ಲ. ಭಟ್ಟರು ಮಾತ್ರ ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ಅಮಲ್ದಾರರು ತಕ್ಕಡಿಯನ್ನು ಕೈಗೆ ತೆಗೆದುಕೊಂಡು ಆಡಿಸಿ, "ತಕ್ಕಡಿ ಮಾತ್ರ ಬಹುತ್ ಅಚ್ಛಾ," ಎಂದು ಎದ್ದುಹೋದರು. ಅಪ್ಪ ನನ್ನ ಕಡೆ ತಿರುಗಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವನಿಗೆ ಮರೆತುಹೋಗಿತ್ತು. ಅಣ್ಣ ಬಂದು ಇಳಿಸಿದ.

ಮನೆಗೆ ಬಂದ ಮೇಲೆ ಜನಿವಾರಗಳು ಗೂಟಕ್ಕೆ ಹೋದವು. ಅಣ್ಣನ ಮದುವೆಗೆ ಭಟ್ಟರು ಗೊತ್ತಾದರು. ನನ್ನ ಊಟದ ತಟ್ಟೆಯನ್ನು ಹಿತ್ತಲ ಬಾಗಿಲ ಆಚೆ ಇಟ್ಟರು. ಅಪ್ಪ ನನ್ನೊಂದಿಗೆ ಮಾತು ಬಿಟ್ಟ. ಬೈಯುವುದಕ್ಕೂ ಒಂದು ಮಾತು ಬೇಕಲ್ಲ, ಅದನ್ನೂ ಕೊಡಲಿಲ್ಲ. ಅಣ್ಣ ಒಂದೇ ಸಲ ಮಾತಾಡಿದ: "ಮನೇಲಿ ಸೋಲ್ಸಿದ್ದು ಸಾಲ್ದು ಅಂತ ಊರ್ನಾಗೂ ಸೋಲಿಸ್ಬುಟ್ಟೆ ಕಣೇ." ಇದನ್ನೆಲ್ಲ ನಾನು ಲೆಕ್ಕ ಹಾಕಿದ್ದೆ. ನಂಜತ್ತೆ ಒಬ್ಬಳಾದರೂ ನನ್ನ ಕಡೆ ಇರುತ್ತಾಳೆ ಎನ್ನುವುದು ನನ್ನ ಲೆಕ್ಕ. ಹಿತ್ತಲಿಗೆ ಮುದ್ದೆ ತಂದಿಟ್ಟವಳ ಸೆರಗು ಹಿಡಿದು, ನಿನ್ನನ್ನು ಉಳಿಸಿದೆ ಅತ್ತೆ ಎಂದೆ. ಸೆರಗು ಕಿತ್ತುಕೊಂಡಳು.

"ಯಾರೇ ಉಳ್ಸು ಅಂದೋರು ನಿನಗೆ? ನನ್ ಕೆಲ್ಸಾನ ನಿಂದು ಅಂದ್ಬುಟ್ಟೆ."

"ಇಷ್ಟು ವರ್ಷ ಅಮ್ಮನ ಹೆಸರಿಗೆ ಹೋಗ್ತಿತ್ತು. ಆಗ ಸಿಟ್ಟು ಬರಲಿಲ್ಲವಾ?"

"ಅವ್ಳೆಲ್ಲವ್ಳೆ? ಇಲ್ದಿರೋಳ ಹೆಸ್ರಿಗೆ ಹೋದ್ರೆ ಅದು ನನ್ ಹತ್ರಾನೇ ಇದ್ದಂಗೆ ಕಣೆ. ನೀನಿದ್ದೀಯಲ್ಲ! ಇರೋಳು ಕಿತ್ಕೊಂಡ್ರೆ ಹೋದಂಗೇ."

ಅದಾದ ಮೇಲೆ ಅವಳೂ ಮಾತು ಬಿಟ್ಟಳು. ದೇವರು ಇದ್ದವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ನನಗೆ ಗೊತ್ತು, ನಿಂಗಮ್ಮ ದಿನಾ ಹೇಳುತ್ತಾಳೆ. ನನ್ನ ಹತ್ತಿರ ಹೇಳಿಕೊಳ್ಳಲು ಮೇಲೆ ಯಾರೂ ಇರಲಿಲ್ಲ, ಕೆಳಗೂ ಯಾರೂ ಇರಲಿಲ್ಲ. ಬೇವಿನ ಮರದ ಬುಡದಲ್ಲಿ ಕೂತು ಆ ದಿನಗಳಲ್ಲಿ ನನ್ನೊಂದಿಗೆ ನಾನೇ ವಾದಿಸಿದೆ. ಯಾರೂ ನೋಡದಿದ್ದರೆ, ಎಲ್ಲರೂ ಒಂದು ದಿನ ಸಾಯುವುದಾದರೆ, ಸರಿಗೂ ಸೊಟ್ಟಕ್ಕೂ ಏನು ವ್ಯತ್ಯಾಸ? ನಾನೇ ಎದುರುಪಕ್ಷ, ನಾನೇ ಸಿದ್ಧಾಂತ. ಎದುರುಪಕ್ಷವೇ ಗೆಲ್ಲುತ್ತಿತ್ತು. ಗೆದ್ದು ಅಭ್ಯಾಸ ಅದಕ್ಕೆ.

ಹಿರೋಡೆಯ ಅಕ್ಕಸಾಲಿಯೊಬ್ಬರಿಗೆ ಒಂದು ತಕ್ಕಡಿ ಕೊಡಬೇಕಿತ್ತು. ಅಪ್ಪ ಎಂದಿನಂತೆ ಒಂದು ಕೂದಲೆಳೆ ಬಿಟ್ಟು ದೇವರ ಕೋಣೆಯಲ್ಲಿ ತೂಗುಹಾಕಿದ. ಹಠವೋ ನಂಬಿಕೆಯೋ, ಅಲ್ಲಿಗೆ ಎರಡೂ ಒಂದೇ ಆಗಿತ್ತು. ಮಗಳು ತೀಡಿದ್ದು ಆ ಒಂದು ಸಲ ಮಾತ್ರ, ಉಳಿದದ್ದೆಲ್ಲ ಅಮ್ಮನದೇ ಎಂದು ತಾನೇ ಒಂದು ಸಮಾಧಾನ ಕಟ್ಟಿಕೊಂಡಿದ್ದ. ಬೆಳಗ್ಗೆ ಮಿಂದು ಬಂದು ಕದ ತೆಗೆದ. ಮುಳ್ಳು ವಾಲಿತ್ತು. ಹಾಗೇ ಕದ ಮುಚ್ಚಿದ. ಮರುದಿನವೂ ವಾಲಿತ್ತು. ಅದರ ಮರುದಿನವೂ. ನಂಜತ್ತೆ ಗುಡಾಣದ ಹತ್ತಿರ ಸುಳಿಯಲಿಲ್ಲ. ಐದನೆಯ ದಿನ ಅಪ್ಪ ಕೋಣೆಯಿಂದ ಹೊರಗೆ ಬಂದಾಗ ಮುದುಕನಾಗಿದ್ದ. ಆಚೆ ಪಡಸಾಲೆಯಲ್ಲಿ ಹಿರೋಡೆಯವರು ಎಲೆಯಡಿಕೆ ಅಗಿಯುತ್ತಾ ಕಾಯುತ್ತಿದ್ದರು. ನಾನು ಗೆದ್ದಿದ್ದೆ. ಕೋಣೆಯಲ್ಲಿ ಯಾರೂ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ವಾದಿಗೆ ಸಿಕ್ಕೀತು? ಆದರೆ ಕದದ ಸಂದಿಯಿಂದ ಆ ತಕ್ಕಡಿ ಕಾಣುತ್ತಿತ್ತು, ಒಂದು ಕೂದಲೆಳೆ ಸೊಟ್ಟಗೆ, ಹಿತ್ತಾಳೆ ಥಳಥಳ ಹೊಳೆಯುತ್ತಾ. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನ ಕೈಲಾಗಲಿಲ್ಲ. ಕೆರೆಗೆ ಹೋದ ಹೊತ್ತಿಗೆ ಕದ್ದು ಹೋಗಲಿಲ್ಲ ನಾನು. ನಡುಹಗಲು, ಅಪ್ಪ ಕೂತಿದ್ದಂತೆಯೇ, ಅವನ ಮುಂದೆಯೇ ಹಾದು ರಾಗಿಗೆ ಕೈ ಹಾಕಿ ಅರದ ತುಂಡು ತೆಗೆದೆ. ಅವನು ನೋಡಿದ. ರಾಗಿಯೊಳಗಿಂದ ಅರ ಬಂದದ್ದನ್ನು ನೋಡಿದ, ಆಮೇಲೆ ಹಿತ್ತಲಲ್ಲಿದ್ದ ಅಕ್ಕನ ಕಡೆ ಒಂದು ಸಲ ನೋಡಿದ. ನಾನು ತಕ್ಕಡಿಯನ್ನು ದೇವರ ಕೋಣೆಯಿಂದ ತೂಕದ ಕೋಣೆಗೆ ತೆಗೆದುಕೊಂಡು ಹೋಗಿ ಕದ ಹಾಕಿಕೊಂಡೆ.

ಮೊದಲ ಗೀರು ಜಾಸ್ತಿಯಾಯಿತು. ಮುಳ್ಳು ಈಗ ಬಲಕ್ಕೆ ವಾಲಿತು. ಬಲಕ್ಕೆ ತೀಡಿದೆ, ಎಡಕ್ಕೆ ಹೋಯಿತು. ಸೆರಗಿನೊಳಗೆ ಉಸಿರು ಬಿಸಿಯಾಗಿ ಕಣ್ಣು ಉರಿಯಿತು. ಆ ಕತ್ತಲಲ್ಲಿ, ಕರೆಯಬೇಕೆನ್ನಿಸಿದರೂ ಕರೆಯಲು ಒಂದು ಹೆಸರಿರಲಿಲ್ಲ. ಸೆರಗು ಬಿಗಿ ಮಾಡಿಕೊಂಡು ಮತ್ತೆ ತೀಡಿದೆ. ಹೆಂಚಿನ ಸಂದಿಯ ಬೆಳಕು ನೆಲದಿಂದ ಗೋಡೆಗೆ ಹತ್ತಿತು. ಎದುರುಪಕ್ಷ ಬಾಯಿ ಮುಚ್ಚಿಕೊಂಡಿತ್ತು. ಅದಕ್ಕೆ ಉತ್ತರ ಸಿಕ್ಕಿರಲಿಲ್ಲ, ಕೇಳಲು ಪುರುಸೊತ್ತಿರಲಿಲ್ಲ, ಅಷ್ಟೆ. ಯಾವಾಗಲೋ ಮುಳ್ಳು ನಿಂತಿತು.

ಹೊರಗೆ ಬಂದೆ. ಅಪ್ಪ ಅಲ್ಲಿರಲಿಲ್ಲ. ಹಿತ್ತಲ ಬಾಗಿಲಲ್ಲಿ ನಂಜತ್ತೆ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅದಲುಬದಲು ಮಾಡಿ ನೋಡ್ದ್ಯಾ?"

"ನೋಡ್ದೆ. ನಿಂತಿತು."

"ಇನ್ನೊಂದ್ ಸಲ ನೋಡು."

ಒಳಗೆ ಹೋಗಿ ಕದ ಹಾಕಿಕೊಂಡೆ.